ಶುಕ್ರವಾರದ ಕಂತಿಗೆ ವಿಶ್ವಾಸ ಸಾಕೇ?

ಪ್ರಿಯ ಸಹೋದರಿಯರೇ,



ಒಬ್ಬ ತಾಯಿ ನನಗೆ ಕೇಳಿದ ಪ್ರಶ್ನೆಯಿಂದ ಈ ಲೇಖನವನ್ನು ಆರಂಭಿಸುತ್ತೇನೆ. ಅವರು ನಮ್ಮ ಒಂದು ಸ್ವಸಹಾಯ ಸಂಘದ ಹಳೆಯ ಸದಸ್ಯೆ. ವಾರದ ಸಭೆಗೆ ಎಲ್ಲರಿಗಿಂತ ಮೊದಲು ಬಂದು ಚಾಪೆ ಹಾಸುತ್ತಿದ್ದವರು. ಭಾನುವಾರದ ಬಲಿಪೂಜೆಯನ್ನೂ ತಪ್ಪಿಸಿದವರಲ್ಲ. ಒಂದು ದಿನ ಸಭೆ ಮುಗಿದ ಮೇಲೆ ನನ್ನ ಹತ್ತಿರ ಬಂದು, "ಸಿಸ್ಟರ್, ಮನೇಲಿ ಸ್ವಲ್ಪ ಕಷ್ಟ" ಎಂದರು. ನನಗೆ ಬಸ್ಸಿಗೆ ಹೊತ್ತಾಗಿತ್ತು. "ದೇವರ ಮೇಲೆ ವಿಶ್ವಾಸ ಇಡಿ ಅಮ್ಮ, ಎಲ್ಲಾ ಸರಿಹೋಗುತ್ತೆ" ಎಂದು ಹೇಳಿ ಹೊರಟುಬಿಟ್ಟೆ.

ಆಮೇಲೆ ನಾಲ್ಕು ವಾರ ಅವರು ಸಭೆಗೆ ಬರಲಿಲ್ಲ. ಐದನೆಯ ವಾರ ನಾನೇ ಅವರ ಮನೆಗೆ ಹೋದೆ. ಹಾಡುಹಗಲಲ್ಲೇ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ನನ್ನ ದನಿ ಕೇಳಿದ ಮೇಲೆ ತೆಗೆದರು. ಕಂತು ವಸೂಲಿಗೆ ಬರುವವರಿಗೆ ಹೆದರಿ ಮನೆಯೊಳಗೇ ಅಡಗಿ ಕುಳಿತಿದ್ದರು. ಒಲೆ ಹಚ್ಚಿರಲಿಲ್ಲ. ಹೊಗೆ ಕಂಡರೆ ಮನೆಯಲ್ಲಿ ಜನ ಇದ್ದಾರೆಂದು ಗೊತ್ತಾಗುತ್ತದಲ್ಲ! ಆಗ ಅವರು ಕೇಳಿದ್ದು ಇಷ್ಟೇ: "ನೀವು ಹೇಳ್ದಂಗೆ ದಿನಾ ಜಪಸರ ಮಾಡ್ತಿದೀನಿ ಸಿಸ್ಟರ್. ಆದ್ರೆ ಶುಕ್ರವಾರದ ಕಂತಿಗೆ ವಿಶ್ವಾಸ ಸಾಕಾಗಲ್ವಲ್ಲ?"

ನನಗೆ ಉತ್ತರ ಹೊಳೆಯಲಿಲ್ಲ. ಸಮಾಜಕಾರ್ಯದಲ್ಲಿ ಎಂ.ಎ. ಮಾಡಿದ್ದೇನೆ, ಮಠದ ಜೀವನದಲ್ಲಿ ಮೂವತ್ತು ವರ್ಷ ಕಳೆದಿದ್ದೇನೆ. ಆದರೂ ಆ ದಿನ ಬಾಯಿ ಕಟ್ಟಿಹೋಯಿತು. ಅಂದು ರಾತ್ರಿ ಪ್ರಾರ್ಥನೆಗೆ ಕುಳಿತಾಗ ನನ್ನ ತಪ್ಪು ನನಗೇ ಕಂಡಿತು. ವಿಶ್ವಾಸ ಎಂಬ ದೊಡ್ಡ ಮಾತನ್ನು ನಾನು ಬೇಗ ಬಸ್ಸು ಹತ್ತುವುದಕ್ಕೆ ಬಳಸಿಕೊಂಡಿದ್ದೆ. ಕುಳಿತು ಕೇಳಬೇಕಾದ ಹೊತ್ತಿನಲ್ಲಿ ಉಪದೇಶ ಕೊಟ್ಟು ಎದ್ದಿದ್ದೆ.

ವಿಶ್ವಾಸ, ಭರವಸೆ, ಸಂತೋಷ ಎಂಬ ಮೂರು ಮಾತುಗಳನ್ನು ನಾವು ದೇವಾಲಯದಲ್ಲಿ ಎಷ್ಟೋ ಸಲ ಕೇಳುತ್ತೇವೆ. ಕಷ್ಟ ತೀರಿದ ಮೇಲೆ ಸಂತೋಷ ಬರುತ್ತದೆ, ಒಳ್ಳೆಯ ಕಾಲ ಬಂದರೆ ಭರವಸೆ ಹುಟ್ಟುತ್ತದೆ, ಪ್ರಾರ್ಥನೆ ನೆರವೇರಿದರೆ ವಿಶ್ವಾಸ ಗಟ್ಟಿಯಾಗುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಪವಿತ್ರ ಬೈಬಲ್ ಹೇಳುವುದು ಹಾಗಲ್ಲ. ಈ ಮೂರೂ ತಾವಾಗಿ ಬರುವ ಭಾವನೆಗಳಲ್ಲ, ಕಷ್ಟದ ನಡುವೆಯೇ ನಾವು ಮಾಡಬೇಕಾದ ಕೆಲಸಗಳು. ಅದೂ ಒಬ್ಬಂಟಿಯಾಗಿ ಅಲ್ಲ, ನಾಲ್ಕು ಜನರ ಜೊತೆ ಸೇರಿ. ಇದನ್ನು ನಮಗೆ ಕಲಿಸುವ ಮೂವರು ಹೆಂಗಸರು ಬೈಬಲ್ಲಿನಲ್ಲಿ ಇದ್ದಾರೆ. ಮೂವರ ಹೆಸರೂ ನಮಗೆ ಗೊತ್ತಿಲ್ಲ. ಬಹುಶಃ ಅದಕ್ಕೇ ಅವರು ನಮ್ಮವರಂತೆ ಕಾಣುತ್ತಾರೆ.

ನಮ್ಮ ಸಂಘಗಳಲ್ಲಿ ಹಿಂದೂ, ಮುಸ್ಲಿಂ ಸಹೋದರಿಯರೂ ಇದ್ದೀರಿ. ಈ ಕಥೆಗಳು ಕ್ರೈಸ್ತರ ಗ್ರಂಥದಿಂದ ಬಂದಿದ್ದರೂ ಸಾಲ, ಪಾತ್ರೆ, ಪೊರಕೆ ಎಲ್ಲರ ಮನೆಯಲ್ಲೂ ಇವೆ. ಆದ್ದರಿಂದ ನೀವೂ ಓದಿ.

1. ವಿಶ್ವಾಸ: ಪಾತ್ರೆ ಕೇಳಲು ಹೊರಟ ವಿಧವೆ

ಹಳೆಯ ಒಡಂಬಡಿಕೆಯಲ್ಲಿ, ಅರಸುಗಳು ಎರಡನೆಯ ಭಾಗದ 4ನೇ ಅಧ್ಯಾಯದಲ್ಲಿ ಈ ಕಥೆ ಇದೆ. ಗಂಡ ತೀರಿಹೋಗಿದ್ದ. ಸಾಲ ಉಳಿದಿತ್ತು. ಸಾಲ ಕೊಟ್ಟವನು ಅವಳ ಇಬ್ಬರು ಮಕ್ಕಳನ್ನು ಜೀತಕ್ಕೆ ಹಿಡಿದುಕೊಂಡು ಹೋಗಲು ಬರುವವನಿದ್ದ. ಆ ತಾಯಿ ಪ್ರವಾದಿ ಎಲೀಷನ ಬಳಿ ಹೋಗಿ ಅತ್ತಳು. ಎಲೀಷನು ಅವಳಿಗೆ ಉಪದೇಶ ಮಾಡಲಿಲ್ಲ. ಮನೆಯಲ್ಲಿ ಏನು ಉಳಿದಿದೆ ಎಂದು ಕೇಳಿದನು. ಏನೂ ಇಲ್ಲ, ಒಂದು ಕುಡಿಕೆ ಎಣ್ಣೆ ಮಾತ್ರ ಇದೆ ಎಂದಳು. ನೆರೆಹೊರೆಯವರ ಮನೆಗಳಿಗೆ ಹೋಗಿ ಬರಿದಾದ ಪಾತ್ರೆಗಳನ್ನು ಕೇಳಿ ತರಲು ಅವನು ಹೇಳಿದನು. ಅವಳು ತಂದಳು. ಮಕ್ಕಳು ಪಾತ್ರೆ ಕೊಡುತ್ತಿದ್ದರು, ಅವಳು ಸುರಿಯುತ್ತಿದ್ದಳು. ಪಾತ್ರೆಗಳು ಮುಗಿಯುವವರೆಗೂ ಎಣ್ಣೆ ಬಂತು. ಆ ಎಣ್ಣೆ ಮಾರಿ ಸಾಲ ತೀರಿಸಿದ ಮೇಲೆ ಉಳಿದದ್ದರಲ್ಲಿ ಮಕ್ಕಳೊಂದಿಗೆ ಬಾಳುವಂತೆ ಎಲೀಷನು ಹೇಳಿದನು.

ಈ ಕಥೆಯಲ್ಲಿ ಮೂರು ಸಂಗತಿಗಳನ್ನು ಗಮನಿಸಿ. ಒಂದನೆಯದು, ಅವಳು ತನ್ನ ಸಾಲವನ್ನು ಮುಚ್ಚಿಡಲಿಲ್ಲ, ಬಾಯಿ ಬಿಟ್ಟು ಹೇಳಿದಳು. ಎರಡನೆಯದು, ದೇವರು ಇಲ್ಲದ್ದರಿಂದ ಆರಂಭಿಸಲಿಲ್ಲ, ಇದ್ದ ಒಂದು ಕುಡಿಕೆಯಿಂದ ಆರಂಭಿಸಿದರು. ಮೂರನೆಯದು ನನಗೆ ಬಹಳ ಇಷ್ಟವಾದದ್ದು. ನೆರೆಯವರು ಎಣ್ಣೆ ಕೊಡಲಿಲ್ಲ, ಹಣ ಕೊಡಲಿಲ್ಲ. ಬಹುಶಃ ಅವರೂ ಬಡವರೇ. ಕೊಟ್ಟದ್ದು ಬರೀ ಪಾತ್ರೆ. ಆದರೆ ಆ ಬರೀ ಪಾತ್ರೆಗಳಿಲ್ಲದಿದ್ದರೆ ದೇವರ ಕೊಡುಗೆ ತುಂಬಿಕೊಳ್ಳಲು ಜಾಗವೇ ಇರುತ್ತಿರಲಿಲ್ಲ. ಅವಳು ಎಷ್ಟು ಬಾಗಿಲು ತಟ್ಟಿದ್ದಳೋ ಅಷ್ಟು ಎಣ್ಣೆ ಸಿಕ್ಕಿತು.

ನಮ್ಮ ಆ ತಾಯಿಯ ಮನೆಗೆ ಮರುವಾರ ಸಂಘದ ಇಬ್ಬರು ಪ್ರತಿನಿಧಿಗಳನ್ನು ಕರೆದುಕೊಂಡು ಹೋದೆ. ಅವರ ಒಪ್ಪಿಗೆ ಪಡೆದು, ಎಲ್ಲಾ ಸಾಲಗಳನ್ನು ಒಂದು ಹಾಳೆಯಲ್ಲಿ ಬರೆದೆವು. ಮೂರು ಮೈಕ್ರೋಫೈನಾನ್ಸ್ ಸಂಸ್ಥೆಗಳಿಗೆ ವಾರಕ್ಕೆ 650, 520 ಮತ್ತು 480 ರೂಪಾಯಿ, ಒಟ್ಟು 1,650. ತಿಂಗಳ ಲೆಕ್ಕಕ್ಕೆ 7,150 ರೂಪಾಯಿ. ಅದರ ಮೇಲೆ ಒಬ್ಬರಿಂದ ತಂದ 15,000 ರೂಪಾಯಿ ಕೈಸಾಲಕ್ಕೆ ನೂರಕ್ಕೆ ಐದು ರೂಪಾಯಿ ಬಡ್ಡಿ, ಅಂದರೆ ತಿಂಗಳಿಗೆ 750. ಗಂಡ ಹೆಂಡತಿ ಇಬ್ಬರ ಕೂಲಿ ಸೇರಿ ತಿಂಗಳಿಗೆ ಸುಮಾರು 14,000. ಒಂದು ಸಾಲದ ಕಂತು ಕಟ್ಟಲು ಇನ್ನೊಂದು ಸಾಲ ಮಾಡಿದ್ದರು. ಎರಡು ವರ್ಷ ಗಂಡನಿಗೂ ಪೂರ್ತಿ ಲೆಕ್ಕ ಹೇಳಿರಲಿಲ್ಲ. ಬರೆದು ಮುಗಿಸಿದ ಮೇಲೆ ಆ ತಾಯಿ, "ಇಷ್ಟೇನಾ? ನಾನು ಇನ್ನೂ ಜಾಸ್ತಿ ಅನ್ಕೊಂಡಿದ್ದೆ" ಎಂದರು. ಕತ್ತಲೆಯಲ್ಲಿಟ್ಟ ಸಾಲ ಯಾವಾಗಲೂ ದೊಡ್ಡದಾಗಿ ಕಾಣುತ್ತದೆ.

ವಿಷಯ ಸಂಘದ ಸಭೆಗೆ ಬಂದಾಗ ಎಲ್ಲರೂ ತಕ್ಷಣ ಒಪ್ಪಲಿಲ್ಲ. "ನಮ್ಮ ಉಳಿತಾಯದ ದುಡ್ಡು ಮುಳುಗಿದ್ರೆ ಯಾರು ಹೊಣೆ?" ಎಂದು ಕೇಳಿದರು. ಆ ಪ್ರಶ್ನೆಯೂ ನ್ಯಾಯವಾದದ್ದೇ. ಎರಡು ಸಭೆ ಚರ್ಚೆಯಾದ ಮೇಲೆ 15,000 ರೂಪಾಯಿ ಆಂತರಿಕ ಸಾಲ ಕೊಟ್ಟು ಮೊದಲು ಆ ಕೈಸಾಲ ತೀರಿಸುವುದೆಂದು ನಿರ್ಣಯ ಪುಸ್ತಕದಲ್ಲಿ ಬರೆದರು. ಸಂಘದ ಬಡ್ಡಿ ನೂರಕ್ಕೆ ಒಂದು ರೂಪಾಯಿ. 750 ಇದ್ದ ತಿಂಗಳ ಬಡ್ಡಿ 150ಕ್ಕೆ ಇಳಿಯಿತು. ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತೇವಲ್ಲ, ಆ ಹಳ್ಳ ಇಂಥ ಬೇಸಿಗೆಗೆ ಬೇಕಾಗಿಯೇ ಇರುವುದು.

ಈಗ ಆ ತಾಯಿಯ ಪ್ರಶ್ನೆಗೆ ನನ್ನ ಉತ್ತರ ಹೇಳಬಲ್ಲೆ. ಬಾಗಿಲು ಹಾಕಿಕೊಂಡು ಕುಳಿತ ವಿಶ್ವಾಸ ಶುಕ್ರವಾರದ ಕಂತಿಗೆ ಸಾಕಾಗುವುದಿಲ್ಲ. ಪಾತ್ರೆ ಕೇಳಲು ಹೊರಟ ವಿಶ್ವಾಸಕ್ಕೆ ದೇವರು ದಾರಿ ತೋರಿಸುತ್ತಾರೆ.

2. ಭರವಸೆ: ಮತ್ತೆ ಮತ್ತೆ ಹೋದ ವಿಧವೆ

ಸಂತ ಲೂಕರ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಇನ್ನೊಬ್ಬ ವಿಧವೆಯ ಕಥೆ ಹೇಳುತ್ತಾರೆ. ಆ ಊರಿನ ನ್ಯಾಯಾಧೀಶ ದೇವರಿಗೂ ಹೆದರುವವನಲ್ಲ, ಮನುಷ್ಯರಿಗೂ ಬೆಲೆ ಕೊಡುವವನಲ್ಲ. ಅವಳ ಬಳಿ ಲಂಚ ಇಲ್ಲ, ಶಿಫಾರಸು ಇಲ್ಲ, ಜೊತೆಗೆ ಗಂಡಸರಿಲ್ಲ. ಇದ್ದದ್ದು ಎರಡು ಕಾಲು ಮಾತ್ರ. ಮತ್ತೆ ಮತ್ತೆ ಹೋಗಿ ನ್ಯಾಯ ಕೇಳಿದಳು. ಕೊನೆಗೆ ಅವಳ ಕಾಟ ತಾಳಲಾರದೆ ಅವನು ನ್ಯಾಯ ಕೊಟ್ಟನು. ಎದೆಗುಂದದೆ ಯಾವಾಗಲೂ ಪ್ರಾರ್ಥಿಸಬೇಕು ಎಂಬುದನ್ನು ತಿಳಿಸಲು ಯೇಸು ಈ ಕಥೆ ಹೇಳಿದರೆಂದು ಸಂತ ಲೂಕರು ಬರೆದಿದ್ದಾರೆ. ಪ್ರಾರ್ಥನೆಗೆ ಉದಾಹರಣೆಯಾಗಿ ಯೇಸು ಆರಿಸಿಕೊಂಡದ್ದು ಕಚೇರಿಗೆ ಅಲೆದ ಹೆಂಗಸನ್ನು! ಪಡಿತರ ಚೀಟಿಗೆ, ವಿಧವಾ ವೇತನಕ್ಕೆ, ಮನೆ ಹಕ್ಕುಪತ್ರಕ್ಕೆ ಅಲೆದ ನಮಗೆಲ್ಲಾ ಈ ಕಥೆ ಚೆನ್ನಾಗಿ ಅರ್ಥವಾಗುತ್ತದೆ.

ಭರವಸೆ ಎಂದರೆ "ಹೇಗೋ ಆಗುತ್ತೆ ಬಿಡು" ಎಂದು ಸುಮ್ಮನಿರುವುದಲ್ಲ. ನ್ಯಾಯ ಉಂಟು ಎಂದು ನಂಬಿ ಇನ್ನೊಂದು ಸಲ ಹೋಗುವುದು. ಅದಕ್ಕೆ ತಿಳುವಳಿಕೆಯೂ ಬೇಕು. 2022ರಲ್ಲಿ ರಿಸರ್ವ್ ಬ್ಯಾಂಕ್ ಮೈಕ್ರೋಫೈನಾನ್ಸ್ ಸಾಲಗಳಿಗೆ ನಿರ್ದೇಶನ ಹೊರಡಿಸಿತು. ಸಾಲ ಕೊಡುವಾಗ ಒಂದು ಕುಟುಂಬದ ಎಲ್ಲಾ ಸಾಲಗಳ ತಿಂಗಳ ಕಂತು ಸೇರಿ ಆ ಕುಟುಂಬದ ತಿಂಗಳ ಆದಾಯದ ಅರ್ಧವನ್ನು ದಾಟಬಾರದು ಎಂದು ಅದರಲ್ಲಿದೆ. ಬೆಳಿಗ್ಗೆ 9 ಗಂಟೆಗೆ ಮೊದಲು, ಸಂಜೆ 6 ಗಂಟೆಯ ನಂತರ ವಸೂಲಿಗಾಗಿ ಫೋನ್ ಮಾಡಬಾರದು, ಬೈಯಬಾರದು, ಬೆದರಿಸಬಾರದು ಎಂದೂ ಇದೆ. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಬಲವಂತದ ಸಾಲ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು. ಇದರ ಅರ್ಥ ಸಾಲ ಕಟ್ಟಬೇಕಾಗಿಲ್ಲ ಎಂದಲ್ಲ. ಪಡೆದ ಸಾಲ ತೀರಿಸಲೇಬೇಕು. ಆದರೆ ಸಾಲ ಕೊಟ್ಟ ಮಾತ್ರಕ್ಕೆ ಮಾನ ತೆಗೆಯುವ ಹಕ್ಕು ಯಾರಿಗೂ ಬರುವುದಿಲ್ಲ.

ನಮ್ಮ ಸದಸ್ಯೆಯರು ಈ ವಿಷಯಗಳನ್ನು ಪುಸ್ತಕದಲ್ಲಿ ಬರೆದುಕೊಂಡು ಒಂದು ಸಂಸ್ಥೆಯ ಶಾಖೆಗೆ ಹೋದರು. ಮೊದಲ ಸಲ, "ಮುಂದಿನ ವಾರ ಬನ್ನಿ" ಎಂದರು. ಎರಡನೆಯ ಸಲ ಮ್ಯಾನೇಜರ್ ಇರಲಿಲ್ಲ. ಮೂರನೆಯ ಸಲ ಐದು ಜನ ಒಟ್ಟಿಗೆ ಹೋಗಿ ಕುಳಿತರು. ಅವಧಿ ಹೆಚ್ಚಿಸಿ ಕಂತು ಇಳಿಸಲು ಕೊನೆಗೆ ಒಪ್ಪಿದರು. ಅವಧಿ ಹೆಚ್ಚಾದರೆ ಒಟ್ಟು ಬಡ್ಡಿಯೂ ಸ್ವಲ್ಪ ಹೆಚ್ಚುತ್ತದೆ. ಅದನ್ನೂ ಲೆಕ್ಕ ಹಾಕಿಯೇ ನಮ್ಮವರು ಸಹಿ ಮಾಡಿದರು.

ಭರವಸೆಯ ವಿಷಯದಲ್ಲಿ ಇನ್ನೊಬ್ಬ ಸಹೋದರಿಯನ್ನು ನೆನೆಯಬೇಕು. ಸಂತ ಜೋಸೆಫೀನ್ ಬಖೀತಾ ಸುಮಾರು 1869ರಲ್ಲಿ ಆಫ್ರಿಕಾದ ಸುಡಾನಿನ ಡಾರ್ಫುರ್ ಪ್ರದೇಶದಲ್ಲಿ ಹುಟ್ಟಿದರು. ಚಿಕ್ಕ ಹುಡುಗಿಯಾಗಿದ್ದಾಗಲೇ ಕಳ್ಳರು ಅವರನ್ನು ಎತ್ತಿಕೊಂಡು ಹೋಗಿ ಗುಲಾಮಳಾಗಿ ಮಾರಿದರು. ಕೈಯಿಂದ ಕೈಗೆ ಮಾರಾಟವಾದರು. ಆ ಭಯದಲ್ಲಿ ತಂದೆತಾಯಿ ಇಟ್ಟ ಹೆಸರೇ ಮರೆತುಹೋಯಿತು. ಕೊನೆಗೆ ಇಟಲಿಗೆ ಬಂದಾಗ ಕನೋಸಿಯನ್ ಸಿಸ್ಟರ್‌ಗಳ ಬಳಿ ಯೇಸುವಿನ ಬಗ್ಗೆ ತಿಳಿದರು. ಒಡತಿ ವಾಪಸ್ಸು ಕರೆದುಕೊಂಡು ಹೋಗಲು ಬಂದಾಗ, "ಬರುವುದಿಲ್ಲ" ಎಂದು ಗಟ್ಟಿಯಾಗಿ ನಿಂತರು. ಸಿಸ್ಟರ್‌ಗಳು ಅವರ ಬೆನ್ನಿಗೆ ನಿಂತರು. 1889ರಲ್ಲಿ ಅಲ್ಲಿನ ನ್ಯಾಯಾಲಯ ಅವರು ಸ್ವತಂತ್ರರು ಎಂದು ತೀರ್ಪು ಕೊಟ್ಟಿತು. 1890ರಲ್ಲಿ ದೀಕ್ಷಾಸ್ನಾನ ಪಡೆದರು, ಮುಂದೆ ಕನ್ಯಾಸ್ತ್ರೀಯಾದರು. ಮಠದಲ್ಲಿ ಅಡುಗೆ ಮಾಡುತ್ತಾ, ಬಾಗಿಲು ಕಾಯುತ್ತಾ, ಬಂದವರನ್ನು ನಗುಮುಖದಿಂದ ಮಾತನಾಡಿಸುತ್ತಾ 1947ರಲ್ಲಿ ತೀರಿಕೊಂಡರು. 2000ದಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ವಿಶ್ವಗುರು 16ನೇ ಬೆನೆಡಿಕ್ಟ್ 2007ರಲ್ಲಿ ಭರವಸೆಯ ಬಗ್ಗೆ ಬರೆದ ಪತ್ರದಲ್ಲಿ ಈ ಹೆಣ್ಣುಮಗಳ ಬದುಕನ್ನೇ ಉದಾಹರಣೆಯಾಗಿ ಕೊಟ್ಟರು.

2025ನ್ನು ಧರ್ಮಸಭೆ ಜೂಬಿಲಿ ವರ್ಷವಾಗಿ ಆಚರಿಸಿತು. ಭರವಸೆಯ ಯಾತ್ರಿಕರು ಎಂಬುದು ಅದರ ವಿಷಯ. ವಿಶ್ವಗುರು ಫ್ರಾನ್ಸಿಸ್ 2024ರ ಡಿಸೆಂಬರ್ 24ರಂದು ಅದನ್ನು ಆರಂಭಿಸಿದರು, 2025ರ ಏಪ್ರಿಲ್ 21ರಂದು ದೈವಾಧೀನರಾದರು. ಯಾಜಕಕಾಂಡದ 25ನೇ ಅಧ್ಯಾಯದಲ್ಲಿ ಜೂಬಿಲಿಯ ಮೂಲ ಇದೆ. ಪ್ರತಿ 50ನೇ ವರ್ಷ, ಬಡತನದಿಂದ ಕೈಬಿಟ್ಟುಹೋದ ಜಮೀನು ಹಿಂದಿರುಗಬೇಕು, ಜೀತಕ್ಕಿದ್ದವರು ಮನೆಗೆ ಮರಳಬೇಕು. ಅಂದರೆ ದೇವರು ಕೊಟ್ಟ ಭರವಸೆಯಲ್ಲಿ ಸಾಲದ ಲೆಕ್ಕವೂ ಸೇರಿದೆ. ಬಡ ದೇಶಗಳ ಸಾಲವನ್ನು ಶ್ರೀಮಂತ ದೇಶಗಳು ಮನ್ನಾ ಮಾಡಬೇಕೆಂದು ವಿಶ್ವಗುರು ಫ್ರಾನ್ಸಿಸ್ ಈ ಜೂಬಿಲಿಗಾಗಿ ಕೇಳಿಕೊಂಡರು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಗಂಡ ಕುಡಿದು ಹೊಡೆದರೂ, "ಇದು ನನ್ನ ಶಿಲುಬೆ, ಹೊರಬೇಕು" ಎನ್ನುವ ತಾಯಂದಿರಿದ್ದಾರೆ. ಏಟು ತಿನ್ನುವುದು ದೇವರ ಚಿತ್ತವಲ್ಲ. ಯೇಸು ಶಿಲುಬೆ ಹೊತ್ತದ್ದು ನಮ್ಮನ್ನು ಬಿಡಿಸಲಿಕ್ಕೆ, ನಮ್ಮನ್ನು ಹೊಡೆಯುವವರಿಗೆ ಅನುಮತಿ ಕೊಡಲಿಕ್ಕಲ್ಲ. ಇಂಥ ಸಂದರ್ಭದಲ್ಲಿ ನೆರವು ಕೇಳುವುದೇ ಭರವಸೆಯ ಕೆಲಸ.

3. ಸಂತೋಷ: ಕಸ ಗುಡಿಸಿ ನಾಣ್ಯ ಹುಡುಕಿದ ಹೆಂಗಸು

ಸಂತ ಲೂಕರ ಶುಭಸಂದೇಶದ 15ನೇ ಅಧ್ಯಾಯದಲ್ಲಿ ಮೂರನೆಯ ಹೆಂಗಸು ಇದ್ದಾಳೆ. ಅವಳ ಹತ್ತಿರ ಹತ್ತು ಬೆಳ್ಳಿ ನಾಣ್ಯಗಳಿದ್ದವು. ಒಂದು ಕಳೆದುಹೋಯಿತು. ಆಗಿನ ಕಾಲಕ್ಕೆ ಒಂದು ನಾಣ್ಯವೆಂದರೆ ಸುಮಾರು ಒಂದು ದಿನದ ಕೂಲಿ. ದೀಪ ಹಚ್ಚಿ, ಮನೆಯೆಲ್ಲಾ ಗುಡಿಸಿ, ಸಿಗುವ ತನಕ ಹುಡುಕಿದಳು. ಸಿಕ್ಕಿದ ಮೇಲೆ ಗೆಳತಿಯರನ್ನೂ ನೆರೆಯವರನ್ನೂ ಕರೆದು ಸಂತೋಷಪಟ್ಟಳು. ಪಾಪಿಯೊಬ್ಬ ಮನಸ್ಸು ತಿರುಗಿಸಿಕೊಂಡಾಗ ಪರಲೋಕದಲ್ಲಿ ಆಗುವ ಸಂತೋಷ ಇಂಥದ್ದು ಎಂದು ಯೇಸು ಹೇಳಿದರು. ದೇವರ ಆನಂದಕ್ಕೆ ಅವರು ಕೊಟ್ಟ ಹೋಲಿಕೆ ಪೊರಕೆ ಹಿಡಿದ ಹೆಂಗಸಿನದು!

ಅವಳಿಗೆ ಲಾಟರಿ ಹೊಡೆದಿರಲಿಲ್ಲ. ಹೊಸದಾಗಿ ಏನೂ ಬಂದಿರಲಿಲ್ಲ. ತನ್ನದೇ ಒಂದು ದಿನದ ಕೂಲಿ ವಾಪಸ್ಸು ಸಿಕ್ಕಿತ್ತು, ಅಷ್ಟೇ. ಆದರೂ ಒಬ್ಬಳೇ ಸಂತೋಷಪಡಲು ಅವಳಿಗೆ ಆಗಲಿಲ್ಲ, ಬೀದಿಯವರನ್ನು ಕರೆದಳು. ನಾವು ಕಷ್ಟವನ್ನು ಹೇಗೆ ಮುಚ್ಚಿಡುತ್ತೇವೋ ಹಾಗೆಯೇ ಸಂತೋಷವನ್ನೂ ಮುಚ್ಚಿಡುತ್ತೇವೆ. "ದೃಷ್ಟಿ ತಾಗುತ್ತೆ, ಹೊಟ್ಟೆಕಿಚ್ಚು ಪಡ್ತಾರೆ" ಎನ್ನುತ್ತೇವೆ. ಹೇಳಿಕೊಳ್ಳದ ಸಂತೋಷ ಬೇಗ ಬಾಡುತ್ತದೆ.

ಕ್ರೈಸ್ತರ ಸಂತೋಷ ಎಂದರೆ ಯಾವಾಗಲೂ ನಗುತ್ತಿರುವುದಲ್ಲ. ಸಂತ ಪೌಲರು ಫಿಲಿಪ್ಪಿಯ ವಿಶ್ವಾಸಿಗಳಿಗೆ ಬರೆದ ಪತ್ರದಲ್ಲಿ ಸಂತೋಷದ ಮಾತು ಮತ್ತೆ ಮತ್ತೆ ಬರುತ್ತದೆ. ಆ ಪತ್ರ ಬರೆದಾಗ ಅವರು ಇದ್ದದ್ದು ಸೆರೆಮನೆಯಲ್ಲಿ. ನನಗೂ ಕೆಲವು ದಿನ ಪ್ರಾರ್ಥನೆಗೆ ಕುಳಿತರೆ ಮನಸ್ಸು ಮಳೆ ಕಾಣದ ಹೊಲದ ಹಾಗಿರುತ್ತದೆ. ಆಗ ನಾನು ನಿಮ್ಮ ಸಭೆಗಳನ್ನು ನೆನಪಿಸಿಕೊಳ್ಳುತ್ತೇನೆ. ಮೊದಲ ಸಲ ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದವರು, ಬ್ಯಾಂಕಿನಲ್ಲಿ ಧೈರ್ಯವಾಗಿ ಮಾತನಾಡಿದವರು, ಮಗಳನ್ನು ಕಾಲೇಜಿಗೆ ಸೇರಿಸಿದವರು, ಇವೆಲ್ಲ ನನಗೆ ಸಿಕ್ಕಿದ ನಾಣ್ಯಗಳು.

ದಿನನಿತ್ಯ ಮಾಡಬಹುದಾದ ಕೆಲಸಗಳು

1. ರಾತ್ರಿ ಮಲಗುವ ಮುನ್ನ ದೇವರಿಗೆ ಮೂರು ಮಾತು ಹೇಳಿ: ಇಂದು ಸಿಕ್ಕಿದ ಒಂದು ಒಳ್ಳೆಯದು, ಇಂದು ನೋಯಿಸಿದ ಒಂದು ವಿಷಯ, ನಾಳೆ ಮಾಡಬೇಕಾದ ಒಂದು ಕೆಲಸ. ಲೊಯೋಲಾದ ಸಂತ ಇಗ್ನೇಷಿಯಸ್ 16ನೇ ಶತಮಾನದಲ್ಲೇ ದಿನವನ್ನು ಹೀಗೆ ತಿರುಗಿ ನೋಡುವ ಪ್ರಾರ್ಥನೆಯನ್ನು ಕಲಿಸಿದ್ದರು. ಐದು ನಿಮಿಷ ಸಾಕು.

2. ವಾರದ ಸಭೆಯಲ್ಲಿ ಉಳಿತಾಯ ಕಟ್ಟುವ ಮೊದಲು ಹತ್ತು ನಿಮಿಷ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳಿ. ಎರಡು ಸಭೆ ಬಾರದವರ ಮನೆಗೆ ಹೋಗಿ. ದಂಡ ಹಾಕಲು ಅಲ್ಲ, ನೋಡಿಕೊಂಡು ಬರಲು.

3. ಮನೆಯ ಎಲ್ಲಾ ಸಾಲಗಳನ್ನು ಒಂದೇ ಹಾಳೆಯಲ್ಲಿ ಬರೆಯಿರಿ: ಯಾರಿಗೆ, ಎಷ್ಟು, ಬಡ್ಡಿ ಎಷ್ಟು, ಇನ್ನೆಷ್ಟು ಕಂತು. ಹೆಚ್ಚು ಬಡ್ಡಿಯದನ್ನು ಮೊದಲು ತೀರಿಸಿ. ಗಂಡನಿಗೂ ತೋರಿಸಿ. ಕಂತು ಕಟ್ಟಲು ಹೊಸ ಸಾಲ ಮಾಡಬೇಡಿ.

4. ಕಚೇರಿಗೆ, ಬ್ಯಾಂಕಿಗೆ, ಠಾಣೆಗೆ ಒಬ್ಬರೇ ಹೋಗಬೇಡಿ. ಜೊತೆಗೆ ಬಂದ ಒಬ್ಬರು ಒಂದು ಪಾತ್ರೆ ಕೊಟ್ಟ ಹಾಗೆ.

5. ಒಬ್ಬರು ಗುಟ್ಟಾಗಿ ಹೇಳಿದ್ದನ್ನು ಸಂಘದ ಹೊರಗೆ ಆಡಬೇಡಿ. ಮಾತು ಹೊರಗೆ ಹೋದರೆ ಮುಂದೆ ಯಾರೂ ಬಾಗಿಲು ತೆರೆಯುವುದಿಲ್ಲ.

6. ಸಣ್ಣ ಗೆಲುವನ್ನೂ ಸಭೆಯಲ್ಲಿ ಹೇಳಿಕೊಂಡು ಚಪ್ಪಾಳೆ ತಟ್ಟಿ.

7. "ಇನ್ನು ಬದುಕೋದು ಬೇಡ" ಎಂಬ ಯೋಚನೆ ಬಂದರೆ ಅದನ್ನು ಪಾಪವೆಂದು ಮುಚ್ಚಿಡಬೇಡಿ. ಕೂಡಲೇ ಯಾರಿಗಾದರೂ ಹೇಳಿ. 14416 ಸಂಖ್ಯೆಗೆ ಫೋನ್ ಮಾಡಿದರೆ ಮನಸ್ಸಿನ ಆರೋಗ್ಯದ ಬಗ್ಗೆ ಉಚಿತವಾಗಿ ಮಾತನಾಡಬಹುದು. ಹಿಂಸೆಗೆ ಒಳಗಾದ ಮಹಿಳೆಯರಿಗೆ ಸಹಾಯವಾಣಿ 181.

ಸಭೆಯಲ್ಲಿ ಚರ್ಚಿಸಲು

• ನಮ್ಮ ಸಂಘದಲ್ಲಿ ಇತ್ತೀಚೆಗೆ ಮಾತು ಕಡಿಮೆ ಮಾಡಿದವರು ಯಾರಾದರೂ ಇದ್ದಾರೆಯೇ? ಅವರ ಮನೆಗೆ ಯಾರು ಹೋಗುತ್ತೀರಿ?
• ಹಣವಲ್ಲದೆ ಬೇರೆ ಏನನ್ನು ನಾವು ಒಬ್ಬರಿಗೊಬ್ಬರು ಕೊಡಬಹುದು?
• ಈ ತಿಂಗಳು ನಮಗೆ ಸಿಕ್ಕಿದ ಒಂದು ನಾಣ್ಯ ಯಾವುದು?

ಕೊನೆಯದಾಗಿ, ಆ ತಾಯಿಯ ವಿಷಯ. ಅವರ ಸಾಲ ಪೂರ್ತಿ ತೀರಿಲ್ಲ. ಎರಡು ಸಂಸ್ಥೆಗಳ ಕಂತು ಇನ್ನೂ ಇದೆ, ಸಂಘದ್ದೂ ಇದೆ. ಗಂಡನ ಕೂಲಿ ಕೆಲವು ವಾರ ಇರುತ್ತದೆ, ಕೆಲವು ವಾರ ಇರುವುದಿಲ್ಲ. ಆದರೆ ಬಾಗಿಲು ತೆರೆದಿದೆ, ಒಲೆ ಉರಿಯುತ್ತಿದೆ. ಒಂದು ಸಂಸ್ಥೆಯ ಕೊನೆಯ ಕಂತು ಕಟ್ಟಿದ ವಾರ ಅವರು ಸಭೆಗೆ ಕಾಗದದ ದೊಡ್ಡ ಪೊಟ್ಟಣ ಹಿಡಿದುಕೊಂಡು ಬಂದರು. ಒಳಗೆ ಕಡ್ಲೆಪುರಿ, ಮೇಲೆ ಸ್ವಲ್ಪ ಖಾರ, ಹೆಚ್ಚಿದ ಈರುಳ್ಳಿ. "ಇಪ್ಪತ್ತು ರೂಪಾಯಿದು ಸಿಸ್ಟರ್, ಬೈಬೇಡಿ" ಎಂದರು. ನಾನು ಬೈಯಲಿಲ್ಲ. ಅವರ ಸಾಲದ ಬಗ್ಗೆ ಸಭೆಯಲ್ಲಿ ಮೊದಲು ಆಕ್ಷೇಪಿಸಿದ್ದ ಅಕ್ಕನೇ ಪೊಟ್ಟಣ ಬಿಚ್ಚಿ ಎಲ್ಲರಿಗೂ ಹಂಚಿದರು. ಆ ದಿನ ನಾನೂ ಬಸ್ಸಿಗೆ ಅವಸರ ಮಾಡಲಿಲ್ಲ. ಮುಂದಿನ ಬಸ್ಸಿಗೆ ಹೋದೆ.

ದೇವರು ನಿಮ್ಮ ಮನೆಗಳನ್ನೂ ಸಂಘಗಳನ್ನೂ ಆಶೀರ್ವದಿಸಲಿ.

ಪ್ರೀತಿಯಿಂದ,
ನಿಮ್ಮ ಸಿಸ್ಟರ್